ಕಣ್ಣಿನ ಹನಿಗೂ ಗಡುವುಂಟು

ಮಗುವಿನ ಕಣ್ಣಿನ ಪೊರೆ ತೆಗೆಸಿದ ಬಳಿಕ ಅಥವಾ ಮೆಳ್ಳಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿದ ಬಳಿಕ ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಸ್ಟೀರಾಯ್ಡ್ ಹನಿಗೆ ಮುಖ್ಯ ಸ್ಥಾನವಿದೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಮೊದಲಾದವು ಈ ವರ್ಗಕ್ಕೆ ಸೇರಿದವು. ಎಳೆಯ ಕಣ್ಣಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಉರಿಯೂತ ದೊಡ್ಡವರಿಗಿಂತ ಹೆಚ್ಚು; ಅದನ್ನು ಶಮನಗೊಳಿಸಲು ಈ ಹನಿ ಅವಶ್ಯಕ. ಆದರೆ ಇದೇ ಹನಿ ಕೆಲವು ಮಕ್ಕಳಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಏರಿಸಬಲ್ಲದೆಂಬುದನ್ನು ತಂದೆತಾಯಿಗಳು ತಿಳಿದಿರಬೇಕು.

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗಿ, ಜರಡಿಯಂತಹ ಸೂಕ್ಷ್ಮ ಜಾಲದ ಮೂಲಕ ಹೊರಹೋಗುತ್ತಿರುತ್ತದೆ. ಸ್ಟೀರಾಯ್ಡ್ ಈ ಜಾಲದಲ್ಲಿ ಹರಿವಿಗೆ ತಡೆಯೊಡ್ಡುತ್ತದೆ. ಒಳಬರುವುದು ಅಷ್ಟೇ, ಹೊರಹೋಗುವುದು ಕಡಿಮೆ. ಹಾಗಾಗಿ ಒತ್ತಡ ಏರುತ್ತದೆ. ದೊಡ್ಡವರಲ್ಲಿ ಸಹಜ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರಿನಷ್ಟು. ಒತ್ತಡ ಬಹುಕಾಲ ಮೇಲೆಯೇ ನಿಂತರೆ ದೃಷ್ಟಿನರಕ್ಕೆ ಹಾನಿಯಾಗುತ್ತದೆ. ಇದೇ ಗ್ಲಾಕೋಮಾ. ಹೀಗೆ ಕಳೆದುಹೋದ ದೃಷ್ಟಿ ಮರಳಿ ಬಾರದು.

ದೊಡ್ಡವರಿಗಿಂತ ಮಕ್ಕಳಲ್ಲಿ ಈ ಏರಿಕೆ ಬೇಗ ಕಾಣಿಸಿಕೊಳ್ಳಬಹುದು, ತೀವ್ರವಾಗಿಯೂ ಇರಬಹುದು. ಮೆಳ್ಳಗಣ್ಣಿನ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳ ಬಗ್ಗೆ ಹಾಂಗ್‌ಕಾಂಗಿನ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನವು, ಡೆಕ್ಸಾಮೆಥಸೋನನ್ನು ದಿನಕ್ಕೆ ಎರಡು ಬಾರಿ ಹಾಕಿದವರಿಗಿಂತ ನಾಲ್ಕು ಬಾರಿ ಹಾಕಿದವರಲ್ಲಿ ಒತ್ತಡ ಹೆಚ್ಚು ಏರಿದುದನ್ನು ತೋರಿಸಿತು.

ಇದರಲ್ಲಿ ಅಪಾಯಕರವಾದುದು ಮೌನ. ಹಸುಳೆಗಳಲ್ಲಿ ಕಣ್ಣು ದೊಡ್ಡದಾಗುವುದು, ನೀರು ಸುರಿಯುವುದು, ಬೆಳಕು ಸಹಿಸದಿರುವುದು ಕಾಣಬಹುದು. ಶಾಲೆಗೆ ಹೋಗುವ ಮಗುವಿಗೆ ನೋವಾಗಲಿ ಕೆಂಪಾಗಲಿ ಇರದೆಯೇ ಹೋಗಬಹುದು. ಉಪಕರಣದಿಂದ ಅಳೆದಲ್ಲದೆ ಒತ್ತಡ ತಿಳಿಯದು. ಆದುದರಿಂದ ವೈದ್ಯರು ಗೊತ್ತುಪಡಿಸಿದ ದಿನ, ಕಣ್ಣು ಚೆನ್ನಾಗಿಯೇ ಕಂಡರೂ, ತಪ್ಪದೆ ತೋರಿಸಬೇಕು. ರಜೆಗೆಂದು ಊರಿಗೆ ಹೊರಡುವವರು ಅಥವಾ ವರ್ಗವಾಗಿ ಬೇರೆ ನಗರಕ್ಕೆ ಹೋಗುವವರು ಮುಂದಿನ ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ಮೊದಲೇ ಕೇಳಿಕೊಂಡು, ಚೀಟಿಗಳನ್ನು ಜೊತೆಗೊಯ್ಯುವುದು ಲೇಸು.

ಹೆದರಿ ಹನಿಯನ್ನು ತಾವೇ ನಿಲ್ಲಿಸುವುದೂ ತಪ್ಪು; ಉರಿಯೂತ ಮರುಕಳಿಸಿ ಕಣ್ಣಿಗೆ ಕೇಡಾದೀತು. ಒತ್ತಡ ಏರಿದುದು ಬೇಗ ಪತ್ತೆಯಾದರೆ ವೈದ್ಯರು ಹನಿಯನ್ನು ಕ್ರಮವಾಗಿ ಇಳಿಸುವರು, ಸೌಮ್ಯವಾದ ಬೇರೊಂದನ್ನು ಕೊಡುವರು, ಇಲ್ಲವೇ ಒತ್ತಡ ತಗ್ಗಿಸುವ ಔಷಧ ಸೇರಿಸುವರು. ಸ್ಟೀರಾಯ್ಡ್ ನಿಂತ ಮೇಲೆ ಬಹುಮಟ್ಟಿಗೆ ಒತ್ತಡ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಸಾಲದ ಪತ್ರದಲ್ಲಿರುವಂತೆ ಈ ಹನಿಯ ಚೀಟಿಯಲ್ಲಿಯೂ ಗಡುವು ಇರುತ್ತದೆ. ಗಡುವು ಮುಗಿದ ಬಳಿಕ ಉಳಿದ ಸೀಸೆಯನ್ನು ಮುಂದೆಂದಾದರೂ ಕಣ್ಣು ಕೆಂಪಾದಾಗ ಬೇಕಾದೀತೆಂದು ಕಪಾಟಿನಲ್ಲಿಡಬೇಡಿ; ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಹೊಸದನ್ನು ತರಬೇಡಿ. ಶಸ್ತ್ರಚಿಕಿತ್ಸೆಯಿಂದ ಮಗುವಿಗೆ ದೊರೆತ ದೃಷ್ಟಿ ಒಂದು ಹನಿಯ ಅಜಾಗ್ರತೆಯಿಂದ ಕಳೆದುಹೋಗಬಾರದು.