ಓಣಿ ಬದಲಾಯಿತು, ಪಂಕ್ತಿ ಉಳಿಯಿತೇ?

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯನ್ನೇರಿ ಬಂದಂತೆ ಹಳೆಯ ಬಾಗಲಕೋಟೆಯ ಓಣಿಗಳು ಒಂದೊಂದಾಗಿ ಬರಿದಾದವು. ನವನಗರದಲ್ಲಿ ಅಗಲವಾದ ರಸ್ತೆಗಳು, ಅಳತೆಯ ನಿವೇಶನಗಳು ಸಿದ್ಧವಾದವು. ಓಣಿಯ ಹೆಸರಿನ ಜಾಗದಲ್ಲಿ ಸೆಕ್ಟರಿನ ಸಂಖ್ಯೆ ವಿಳಾಸವಾಯಿತು. ಈ ನಗರದ ರೂಪುರೇಷೆಯನ್ನು ರಚಿಸಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಗೋವಾ ಮೂಲದ ಕಥೋಲಿಕ ಮನೆತನದವರೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದ ಸಂಗತಿ. ಆದರೆ ನೆರೆಹೊರೆಯನ್ನು ಯಾವ ವಾಸ್ತುಶಿಲ್ಪಿಯೂ ನಕ್ಷೆಯಲ್ಲಿ ಬರೆದುಕೊಡಲಾರ. ಒಂದೇ ಗೋಡೆಗೆ ಬೆನ್ನುಕೊಟ್ಟು ಬಾಳಿದ ಮನೆಗಳು ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದಾಗ, ಉಪ್ಪು ಸಾಲ ಕೇಳುವ ಸಲುಗೆಯೂ ಚದುರಿತು.

1997ರಲ್ಲಿ ಬಾಗಲಕೋಟೆ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಶಾಲೆ, ಆಸ್ಪತ್ರೆಗಳ ಕೆಲಸಕ್ಕೆಂದು ಹೊರಗಿನವರು ಬಂದರು. ಇಂಥ ಊರಿನ ದೇವಾಲಯದಲ್ಲಿ ಮನೆಮಾತು ಕನ್ನಡವಾದವರ ಪಕ್ಕದಲ್ಲಿ ಕೊಂಕಣಿಯವರೋ ತಮಿಳರೋ ಮಲಯಾಳಿಗಳೋ ಮೊಣಕಾಲೂರುವುದು ಸಹಜ. ಎಲ್ಲರ ವಿಶ್ವಾಸವೂ ಒಂದೇ. ಆದರೂ ಬಲಿಪೂಜೆ ಮುಗಿದೊಡನೆ ತಮ್ಮ ತಮ್ಮ ಭಾಷೆಯ ಗುಂಪಿನಲ್ಲಿ ನಿಂತು ಮಾತಾಡಿ ಮನೆಗೆ ತೆರಳುವುದಾದರೆ ಅದನ್ನು ಸಮುದಾಯವೆನ್ನಲು ನನ್ನ ಮನಸ್ಸು ಒಪ್ಪದು.

ಈ ತೊಡಕು ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿರಿ. ಜೆರುಸಲೇಮಿನ ಪ್ರಥಮ ಸಭೆಯಲ್ಲಿ ಎದ್ದ ಜಗಳವು ಅನ್ನದ್ದು ಹಾಗೂ ಭಾಷೆಯದು. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಪ್ರೇಷಿತರು ಗೊಣಗಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿರೆಂದು ಸಭೆಗೇ ಹೇಳಿದರು. ಆಯ್ಕೆಯಾದ ಸ್ತೆಫಾನ, ಫಿಲಿಪ್ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಅಂದರೆ ದೂರು ಕೊಟ್ಟವರ ಕೈಗೇ ಬಡಿಸುವ ಸೌಟು ಬಂತೆಂದು ತೋರುತ್ತದೆ. ನಮ್ಮ ಎಷ್ಟು ಧರ್ಮಕೇಂದ್ರಗಳ ಸಮಿತಿಗಳಲ್ಲಿ ಹೀಗೆ ನಡೆದೀತು?

ಬಡಿಸುವ ಮಾತು ಬಂದಾಗ ನಮ್ಮ ನೆಲವನ್ನು ಮರೆಯಲಾಗದು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುತ್ತಾರೆ. ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಮುಳುಗಲು ಬಿಡದೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡರು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನಿಟ್ಟರು. ದುಡಿದದ್ದನ್ನು ಹಂಚಿ ಉಣ್ಣಬೇಕು, ಕೊಟ್ಟವನೆಂಬ ಹಮ್ಮು ಇರಕೂಡದು ಎಂಬುದು ಅದರ ತಿರುಳು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಬಡವರು ಹಸಿದು ಕುಳಿತಾಗ ಸಂತ ಪೌಲನು ಸಿಡಿದೆದ್ದದ್ದೂ ಇಂಥದೇ ನೋವಿನಿಂದ. ಈ ಭಾಗದ ಕಥೋಲಿಕನಿಗೆ ಪೌಲನ ಪತ್ರ ಬಹುಬೇಗ ಅರ್ಥವಾಗಬೇಕು. ಪಂಕ್ತಿಭೇದ ಎಂಬ ಮಾತನ್ನು ಅವನಿಗೆ ಯಾರೂ ವಿವರಿಸಬೇಕಿಲ್ಲ.

ಆದರೆ ಹಬ್ಬ ಬಂದಾಗ ನಾವು ಮಾಡುವುದೇನು? ಒಂದು ಊರಿನ ಹಬ್ಬದಲ್ಲಿ ದಾನಿಗಳ ಹೆಸರುಗಳನ್ನು ಮೊತ್ತದ ಸಮೇತ ಧ್ವನಿವರ್ಧಕದಲ್ಲಿ ಓದುವುದನ್ನು ಕೇಳಿದ್ದೇನೆ. ದೊಡ್ಡ ಮೊತ್ತಕ್ಕೆ ಚಪ್ಪಾಳೆ, ಸಣ್ಣದಕ್ಕೆ ಮೌನ. ಕೂಲಿ ಮಾಡುವ ತಾಯಿಯೊಬ್ಬಳು ಊಟಕ್ಕೆ ನಿಲ್ಲದೆ ಮಕ್ಕಳ ಕೈಹಿಡಿದು ಹೊರಟುಹೋದಳು. ಕೇಳಿದರೆ, "ನಮ್ಮದು ಓದುವಷ್ಟಿಲ್ಲರೀ" ಎಂದಳು. ಬಡ ವಿಧವೆಯ ಎರಡು ಕಾಸುಗಳ ಶುಭಸಂದೇಶವನ್ನು ವರ್ಷವರ್ಷವೂ ಕೇಳುವ ಸಭೆಯಲ್ಲಿ ಈ ಮಾತು ಹುಟ್ಟಿತು! ದಾನದ ಲೆಕ್ಕವಿರಲಿ; ಲೆಕ್ಕವನ್ನು ಗೋಡೆಗೂ ಅಂಟಿಸಲಿ. ಆದರೆ ಹೆಸರು ಕೂಗುವ ಪದ್ಧತಿಯನ್ನು ನಿಲ್ಲಿಸುವುದು ಲೇಸು.

1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ನಾಡಿನ ನುಡಿಗೆ ಬಾಗಿಲು ತೆರೆಯಿತು. ಕನ್ನಡದ ಬಲಿಪೂಜೆ ಆ ಬಾಗಿಲಿನಿಂದಲೇ ಬಂದದ್ದು. ಹೊರಗಿನಿಂದ ಬಂದವರು ಈ ನುಡಿಯನ್ನು ಕಲಿಯಲಿ, ಇಲ್ಲಿಯವರು ಕಲಿಸಲು ಬೇಸರಿಸದಿರಲಿ. ತಪ್ಪಾಗಿ ಓದಿದ ವಾಚನಕ್ಕೆ ನಕ್ಕರೆ ಅವರು ಮತ್ತೆ ವೇದಿಕೆ ಹತ್ತಲಾರರು.

ಇನ್ನು ಸಾವಿನ ಮನೆ. ಹಳೆಯ ಓಣಿಯಲ್ಲಿ ಸುದ್ದಿಯು ಗೋಡೆ ದಾಟಿಯೇ ತಲುಪುತ್ತಿತ್ತು. ಚಟ್ಟಕ್ಕೆ ಹೆಗಲು ಕೊಡಲು ಯಾರನ್ನೂ ಕರೆಯಬೇಕಿರಲಿಲ್ಲ. ಸೆಕ್ಟರುಗಳ ಊರಿನಲ್ಲಿ ಈ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬರುವ ಭಾನುವಾರ ಬಲಿಪೂಜೆಯ ಬಳಿಕ ಹತ್ತು ನಿಮಿಷ ಕುಳಿತರೆ ಸಾಕು.