ಕೆಲಸ ಮುಗಿಯಿತು, ಮನಸ್ಸು ದಣಿಯಿತು

ಇಡೀ ದಿನ ಕುರ್ಚಿಯಲ್ಲಿ ಕುಳಿತೇ ದುಡಿದ ಮನುಷ್ಯ ಸಂಜೆ ಮನೆಗೆ ಬರುವಾಗ ಹೊಲ ಉತ್ತು ಬಂದವನಂತೆ ಬಳಲಿರುವುದುಂಟು. ಅವನು ಭಾರ ಹೊತ್ತವನಲ್ಲ, ಬಿಸಿಲಿನಲ್ಲಿ ಬೆಂದವನಲ್ಲ. ಆದರೂ ಮಕ್ಕಳ ಮಾತು ಕಿವಿಗೆ ಬಿದ್ದರೆ ಮನಸ್ಸಿಗೆ ಇಳಿಯದು. ಈ ದಣಿವಿನ ಮೂಲವೆಲ್ಲಿ?

ಹಿಂದೆ ಅಂಚೆಯವನು ಹೊತ್ತು ಗೊತ್ತು ನೋಡಿ ಬರುತ್ತಿದ್ದ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ತಂತ್ರಜ್ಞ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಲೆ ಕಳುಹಿಸಿದ. ಇಂದಿನ ಅಂಚೆಯವನಾದ ಇ-ಮೇಲ್ ಮೇಜಿನ ಮೇಲೆಯೇ ಬೀಡುಬಿಟ್ಟಿದೆ. ವಾಟ್ಸ್ಯಾಪ್ ಕಿಸೆಯಲ್ಲಿಯೇ ಕುಳಿತಿದೆ. ಕರೆದಾಗಲೆಲ್ಲ ಕಣ್ಣು ಅತ್ತ ಹೊರಳುತ್ತದೆ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಈ ಹೊರಳುವಿಕೆಯನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. 2004ರ ಸುಮಾರಿಗೆ ಕಚೇರಿಯ ಕೆಲಸಗಾರನ ಗಮನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿತ್ತು. ಅನಂತರದ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿಯಿತು. ಇನ್ನೂ ಸೋಜಿಗದ ಸಂಗತಿಯೊಂದುಂಟು. ಕೆಲಸಕ್ಕೆ ಬರುವ ಭಂಗಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೊರಗಿನಿಂದ ಬಂದವಲ್ಲ. ಯಾರೂ ಕರೆಯದಿದ್ದರೂ ಮನುಷ್ಯ ತಾನಾಗಿ ಕೆಲಸ ಬಿಟ್ಟೇಳುತ್ತಾನೆ. ಗಂಟೆಗೆ ಕಾದು ಕಾದು, ಗಂಟೆಯಿಲ್ಲದೆಯೂ ಬಾಗಿಲಿಗೆ ಓಡುವ ಚಾಳಿ ಮನಸ್ಸಿಗೆ ಹತ್ತಿಬಿಡುತ್ತದೆ.

ಇದರಿಂದ ಕೆಲಸ ಕೆಡುವುದೆಂದು ಯಾರಾದರೂ ಊಹಿಸಿಯಾರು. ಆದರೆ 2008ರಲ್ಲಿ ಪ್ರಕಟವಾದ ಮಾರ್ಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಕಂಡದ್ದು ಬೇರೆ. ನಡುನಡುವೆ ಅಡ್ಡಿಗೊಳಗಾದವರು ಕೆಲಸವನ್ನು ಬೇಗನೆ ಮುಗಿಸಿದರು! ಕಳೆದ ಕಾಲವನ್ನು ತುಂಬಿಕೊಳ್ಳಲು ಅವರು ಅವಸರಿಸಿದ್ದರು; ಆದರೆ ಅವರಲ್ಲಿ ಒತ್ತಡ, ಶ್ರಮ, ಹತಾಶೆ ಹೆಚ್ಚಾಗಿದ್ದವು. ಕಚೇರಿಯ ಲೆಕ್ಕಪುಸ್ತಕದಲ್ಲಿ ನಷ್ಟ ಕಾಣುವುದಿಲ್ಲ. ಬೆಲೆ ತೆರುವುದು ಮನಸ್ಸು. ಸಂಜೆ ಅದರ ಬಡ್ಡಿ ಕಟ್ಟುವುದು ಮನೆಯವರು.

ಇನ್ನೊಂದು ಕಾರಣವನ್ನು ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ತೋರಿಸಿಕೊಟ್ಟರು. ಅರ್ಧಕ್ಕೆ ಬಿಟ್ಟ ಕೆಲಸದ ಚಿಂತೆ, ಪಾತ್ರೆಯ ತಳಕ್ಕೆ ಹಿಡಿದ ಹಾಲಿನಂತೆ ಮನಸ್ಸಿನಲ್ಲಿ ಅಂಟಿಕೊಂಡಿರುತ್ತದೆ. ಮುಂದಿನ ಕೆಲಸಕ್ಕೆ ಪೂರ್ತಿ ಗಮನ ದೊರೆಯುವುದಿಲ್ಲ. ದೇಹ ಊಟದ ಮಣೆಯ ಮೇಲೆ, ಮನಸ್ಸು ಉತ್ತರಿಸದ ಓಲೆಯ ಮೇಲೆ!

ಪರಿಹಾರ ಕಷ್ಟವೇನಲ್ಲ. 2015ರಲ್ಲಿ ಪ್ರಕಟವಾದ ಕೆನಡಾ ದೇಶದ ಪ್ರಯೋಗವೊಂದರಲ್ಲಿ 124 ಮಂದಿ ಒಂದು ವಾರ ದಿನಕ್ಕೆ ಮೂರೇ ಸಲ ಇ-ಮೇಲ್ ನೋಡಿದರು. ಇನ್ನೊಂದು ವಾರ ಮನಬಂದಷ್ಟು ಸಲ. ಮಿತಿಯಿದ್ದ ವಾರದಲ್ಲಿ ಒತ್ತಡ ಕಡಿಮೆಯಾಗಿತ್ತು. ಲೆರಾಯ್ ಸೂಚಿಸುವ ಉಪಾಯ ಇನ್ನೂ ಸುಲಭ. ಕೆಲಸ ಬಿಟ್ಟೇಳುವ ಮುನ್ನ ಎಲ್ಲಿ ನಿಂತಿದೆ, ಮರಳಿ ಬಂದಾಗ ಮೊದಲು ಮಾಡಬೇಕಾದುದೇನು ಎಂದು ಎರಡು ಸಾಲು ಬರೆದಿಟ್ಟರೆ ಸಾಕು. ಮನಸ್ಸು ಅದರ ಹಿಡಿತವನ್ನು ಸಡಿಲಿಸುತ್ತದೆ.

ಆದರೆ ಎಲ್ಲವೂ ಕೆಲಸಗಾರನ ಕೈಯಲ್ಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಕಚೇರಿಗೆ ದುಡಿಯುವವನಿಗೆ ಅಲ್ಲಿಯ ಬೆಳಗು ಇಲ್ಲಿಯ ಇರುಳು. ರಾತ್ರಿ ಹತ್ತಕ್ಕೆ ಬಂದ ಮೇಲಧಿಕಾರಿಯ ಸಂದೇಶವನ್ನು ಬೆಳಗಿನವರೆಗೆ ತೆರೆಯದಿರುವ ಧೈರ್ಯ ಎಷ್ಟು ಜನಕ್ಕಿದ್ದೀತು? ಇದನ್ನು ಮನಗಂಡೇ ಫ್ರಾನ್ಸ್ ದೇಶ, ಕೆಲಸದ ಹೊತ್ತು ಮುಗಿದ ಬಳಿಕ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು 2017ರ ಜನವರಿ 1ರಿಂದ ಕಾನೂನಿನಲ್ಲಿ ಮಾನ್ಯಮಾಡಿತು. ನಮ್ಮ ಲೋಕಸಭೆಯಲ್ಲಿಯೂ 2018ರಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡನೆಯಾಯಿತು.

ಕಾನೂನಿಗಾಗಿ ಕಾಯಬೇಕಾಗಿಲ್ಲದವನೊಬ್ಬನಿದ್ದಾನೆ. ಅವನು ಸಂದೇಶ ಕಳುಹಿಸುವವನು. “ಅವಸರವಿಲ್ಲ, ನಾಳೆ ಉತ್ತರಿಸಿದರೆ ಸಾಕು” ಎಂದು ಅವನು ಒಂದು ಸಾಲು ಸೇರಿಸಿದರೆ, ಆ ಇರುಳು ಒಂದು ಮನೆಯಲ್ಲಿ ತಂದೆಯೋ ತಾಯಿಯೋ ಪೂರ್ತಿಯಾಗಿ ಮಕ್ಕಳ ಪಾಲಿಗೆ ದೊರೆತಾರು.