ಟೇಪರಿಗೆ ಆಧಾರವೆಲ್ಲಿ?

ಪ್ರಯೋಗಾಲಯದ ಗಾಜಿನ ಸೀಸೆಗಳಿಗೆ ಗಾಜಿನದೇ ಬಿರಡೆಯಿರುವುದನ್ನು ನೀವು ಕಂಡಿರಬಹುದು. ಬಿರಡೆಯು ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಅದು ತುಸು ಸಣ್ಣದಾದರೆ ಕಂಠದೊಳಗೆ ಆಳಕ್ಕೆ ಇಳಿಯುತ್ತದೆ. ತುಸು ದಪ್ಪವಾದರೆ ಮೇಲೆಯೇ ನಿಲ್ಲುತ್ತದೆ. ಹೀಗೆ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಹೋಗುವ ಆಕಾರಕ್ಕೆ ಯಂತ್ರಶಾಸ್ತ್ರದಲ್ಲಿ ಟೇಪರ್ ಎಂದು ಹೆಸರು. ಅಮೆರಿಕದ ಸ್ಟೀಫನ್ ಮೋರ್ಸ್ 1860ರ ದಶಕದಲ್ಲಿ ರೂಪಿಸಿದ ಟೇಪರು ಇಂದಿಗೂ ಡ್ರಿಲ್ಲಿಂಗ್ ಯಂತ್ರಗಳಲ್ಲಿ ಬಳಕೆಯಲ್ಲಿದೆ.

ಯಾವುದೇ ಭಾಗವನ್ನು ಅಳೆಯುವ ಮುನ್ನ ಎಲ್ಲಿಂದ ಅಳೆಯಬೇಕೆಂಬುದು ನಿಶ್ಚಯವಾಗಬೇಕು. ನಕ್ಷೆಯಲ್ಲಿ ಅದಕ್ಕೆಂದು ಗೊತ್ತುಪಡಿಸಿದ ಬಿಂದು, ರೇಖೆ ಅಥವಾ ಸಮತಲವೇ ಡೇಟಮ್. ಚೌಕದೊಳಗೆ ಒಂದು ಅಕ್ಷರವನ್ನು ಬರೆದು, ತ್ರಿಕೋನ ಚಿಹ್ನೆಯ ಮೂಲಕ ಅದನ್ನು ಭಾಗಕ್ಕೆ ಜೋಡಿಸಿ ಸೂಚಿಸುತ್ತಾರೆ.

ಸಿಲಿಂಡರಿನಿಂದ ದೊರೆಯುವ ಡೇಟಮ್ ಅದರ ಅಕ್ಷ ಮಾತ್ರ. ಸಿಲಿಂಡರು ತನ್ನ ರಂಧ್ರದಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಯಬಲ್ಲದು. ಶಂಕುವಾದರೋ ತನಗೆ ಹೊಂದುವ ರಂಧ್ರದಲ್ಲಿ ಒಂದು ನಿಶ್ಚಿತ ಆಳದಲ್ಲಿ ನಿಂತುಬಿಡುತ್ತದೆ. ಆದುದರಿಂದ ಅದು ಅಕ್ಷವನ್ನಲ್ಲದೆ ಅಕ್ಷದ ಮೇಲಿನ ಒಂದು ಬಿಂದುವನ್ನೂ ನಿರ್ಧರಿಸುತ್ತದೆ. ವಸ್ತುವೊಂದಕ್ಕೆ ಸಾಧ್ಯವಾದ ಆರು ಬಗೆಯ ಚಲನೆಗಳಲ್ಲಿ ಶಂಕುವು ಐದನ್ನು ತಡೆಯುತ್ತದೆ. ಅಕ್ಷದ ಸುತ್ತ ತಿರುಗುವುದೊಂದೇ ಉಳಿಯುತ್ತದೆ.

ಆದರೆ ಶಂಕುವಿನ ವ್ಯಾಸವು ಪ್ರತಿಯೊಂದು ಅಡ್ಡಕೊಯ್ತದಲ್ಲಿಯೂ ಬೇರೆಬೇರೆ. '40 ಮಿ.ಮೀ. ವ್ಯಾಸ' ಎಂದಷ್ಟೇ ಬರೆದರೆ, ಅದು ಯಾವ ಸ್ಥಳದಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಆದ್ದರಿಂದ ನಕ್ಷೆಯಲ್ಲಿ ಟೇಪರಿನ ಪ್ರಮಾಣ, ಒಂದು ನಿಶ್ಚಿತ ವ್ಯಾಸ, ಆ ವ್ಯಾಸವಿರುವ ಸಮತಲದ ಸ್ಥಾನ ಈ ಮೂರನ್ನೂ ತಿಳಿಸಬೇಕು. ಆ ಸಮತಲವನ್ನು ಗೇಜ್ ಸಮತಲ ಎನ್ನುತ್ತಾರೆ.

ಇದರ ಮಹತ್ವವನ್ನು ಲೆಕ್ಕದಿಂದ ತಿಳಿಯಬಹುದು. 1:20 ಪ್ರಮಾಣದ ಟೇಪರಿನಲ್ಲಿ ಪ್ರತಿ 20 ಮಿ.ಮೀ. ಉದ್ದಕ್ಕೆ ವ್ಯಾಸವು 1 ಮಿ.ಮೀ. ಕಡಿಮೆಯಾಗುತ್ತದೆ. ಹಾಗಿರಲು ವ್ಯಾಸದಲ್ಲಿ ಕೇವಲ 0.05 ಮಿ.ಮೀ. ವ್ಯತ್ಯಾಸವಾದರೆ ಭಾಗವು 1 ಮಿ.ಮೀ.ನಷ್ಟು ಆಚೆ ಅಥವಾ ಈಚೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ತಪ್ಪು ಇಪ್ಪತ್ತು ಪಟ್ಟು ಬೆಳೆಯುತ್ತದೆ!

ಕೆಲವು ಭಾಗಗಳಲ್ಲಿ ಟೇಪರಿನ ಜೊತೆಗೆ ಚಪ್ಪಟೆಯಾದ ಮುಖವೂ ಇರುತ್ತದೆ. ಉದ್ದದ ದಿಕ್ಕಿನ ಸ್ಥಾನವನ್ನು ಎರಡೂ ನಿರ್ಧರಿಸಹೊರಟರೆ ಒಂದು ಕೂರುವಷ್ಟರಲ್ಲಿ ಇನ್ನೊಂದು ಎತ್ತಿ ನಿಲ್ಲುತ್ತದೆ. ಮುಖವೇ ಸ್ಥಾನವನ್ನು ನಿಶ್ಚಯಿಸಬೇಕಾದಲ್ಲಿ ಅದನ್ನು ಮೊದಲ ಡೇಟಮ್ ಆಗಿಸಿ, ಶಂಕುವಿನಿಂದ ಅಕ್ಷವನ್ನು ಮಾತ್ರ ಪಡೆಯಬೇಕು. ಇದನ್ನು ನಕ್ಷೆಯೇ ಸ್ಪಷ್ಟಪಡಿಸಬೇಕು.

ನಕ್ಷೆ ಬರೆದವನೂ ಭಾಗವನ್ನು ಕಡೆದವನೂ ಪರಸ್ಪರ ಮುಖ ಕಂಡಿರಲಾರರು. ಅವರಿಬ್ಬರ ನಡುವಿನ ಮಾತು ನಕ್ಷೆಯೊಂದೇ. ಆ ಮಾತಿನಲ್ಲಿ ಸಂದಿಗ್ಧತೆಯಿಲ್ಲದಿದ್ದರೆ, ಒಂದೂರಿನಲ್ಲಿ ಕಡೆದ ಭಾಗ ಇನ್ನೊಂದೂರಿನ ಯಂತ್ರದಲ್ಲಿ ತನ್ನ ಸ್ಥಾನದಲ್ಲಿಯೇ ಕೂರುತ್ತದೆ.